ಬಾಟಲಿ ಬೇಡ, ಡ್ರಮ್ ಕೊಡಿ

2018ರ ಸೆಪ್ಟೆಂಬರ್. ಮಡಿಕೇರಿಯ ಹತ್ತಿರದ ಒಂದು ಸಮುದಾಯ ಭವನದಲ್ಲಿ ನಡೆದ ನಮ್ಮ ಪರಿಹಾರ ಶಿಬಿರ ಮುಚ್ಚುವ ದಿನ. ಜನ ಬಂಧುಗಳ ಮನೆಗೋ ಬಾಡಿಗೆ ಮನೆಗೋ ಹೊರಟಿದ್ದರು. ಹಿತ್ತಲಿನಲ್ಲಿ ಮಾತ್ರ ಆಳೆತ್ತರದ ರಾಶಿಯೊಂದು, ಅದರ ಮೇಲೆ ಹರಿದ ನೀಲಿ ಟಾರ್ಪಾಲು. ಪೌರಕಾರ್ಮಿಕರೊಬ್ಬರು ಗಾಡಿ ನಿಲ್ಲಿಸಿ, ಟಾರ್ಪಾಲಿನ ಅಂಚನ್ನು ಎತ್ತಿ ನೋಡಿದರು, ಮತ್ತೆ ಹಾಗೆಯೇ ಮುಚ್ಚಿದರು. "ಸಾರ್, ಇದನ್ನು ಎಲ್ಲಿಗೆ ಒಯ್ಯಲಿ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದರೆ ಹೇಳಲಿ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ನನಗೂ ಗೊತ್ತಿರಲಿಲ್ಲ.

ರಾಶಿಯಲ್ಲಿ ಮುಕ್ಕಾಲು ಪಾಲು ನೀರಿನ ಬಾಟಲಿ. ಎರಡು ವರ್ಷದ ಹಿಂದೆ, 2016ರಲ್ಲಿ, ರಾಜ್ಯದಲ್ಲಿ ನಿಷೇಧವಾಗಿದ್ದ ಥರ್ಮಾಕೋಲ್ ತಟ್ಟೆಗಳು ಸಾಂಬಾರಿನ ಕಲೆಯೊಂದಿಗೆ ಹಾಗೇ ಇದ್ದವು. ಉಳಿದದ್ದು ಬಟ್ಟೆ. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಲಾರಿಗಟ್ಟಲೆ ಬಂದ ಹಳೆ ಬಟ್ಟೆ. ಜರಿ ಕಿತ್ತ ಲೆಹೆಂಗಾ, ಯಾವುದೋ ಶಾಲೆಯ ಟೈ, ಒಂಟಿ ಹೈಹೀಲ್ಡ್ ಚಪ್ಪಲಿ. ಕೊಡಗಿನ ಆಗಸ್ಟ್ ಮಳೆಯಲ್ಲಿ ಬಟ್ಟೆಯ ಮೂಟೆ ಮೂರು ದಿನ ನೆನೆದರೆ ಅದು ಬಟ್ಟೆಯಾಗಿ ಉಳಿಯುವುದಿಲ್ಲ, ಬೂಸಲು ಹಿಡಿದ ಮುದ್ದೆಯಾಗುತ್ತದೆ. ಬೆಟ್ಟ ಕುಸಿದು ಮನೆ ಕಳೆದುಕೊಂಡವರ ನೆಲಕ್ಕೆ ನಾವು ಇನ್ನೊಂದು ಗುಡ್ಡ ಕಟ್ಟಿ ಹೊರಟಿದ್ದೆವು.

ನಾನು ಮೈಸೂರಿನವನು. ಕುಡಿಯುವ ನೀರಿನ ಯೋಜನೆಗಳಲ್ಲಿ ಕೆಲಸ ಮಾಡುವ ಎಂಜಿನಿಯರ್. ಆ ವರ್ಷ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆಯ ಕಡೆಯ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದಾಗ, ನಾಲ್ಕಾರು ಗೆಳೆಯರೊಂದಿಗೆ ಹೊರಟವನು. ಮಂಗಳೂರಿಗೆ ಹೋಗುವ ಹೆದ್ದಾರಿ ಕಡಿದುಹೋಗಿತ್ತು. ಕಾಡಿನ ದಾರಿಯಲ್ಲಿ ಇಂಬಳ ಕಚ್ಚಿಸಿಕೊಂಡು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರಿಗೆ ಯಾವ ನೀರು ಸಿಕ್ಕಿದರೂ ಕೊಡಬೇಕು. ಆ ಹೊತ್ತಿನಲ್ಲಿ ಬಾಟಲಿಯೇ ಸರಿ, ಅದರ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ನನ್ನ ತಕರಾರು ನಾಲ್ಕನೆಯ ದಿನದ ಬಾಟಲಿಯ ಬಗ್ಗೆ. ಮಾಡಿನಿಂದ ಹಗಲು ರಾತ್ರಿ ನೀರು ಧಾರೆಯಾಗಿ ಸುರಿಯುತ್ತಿತ್ತು. ನಾವು ಅದರ ಕೆಳಗೆ ನಿಂತು ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ನೀರನ್ನು ಹಂಚುತ್ತಿದ್ದೆವು. ಮುನ್ನೂರು ಜನ, ತಲೆಗೆ ಮೂರು ಲೀಟರ್. ದಿನಕ್ಕೆ 900 ಬಾಟಲಿ. ಹತ್ತು ದಿನಕ್ಕೆ 9,000. ನೀರಿನ ಕೆಲಸ ಮಾಡುವವನೇ ಈ ಲೆಕ್ಕವನ್ನು ಶಿಬಿರ ಮುಚ್ಚುವ ದಿನ ಹಾಕಿದೆ ಎಂಬುದು ನಾಚಿಕೆಯ ಸಂಗತಿ.

ಆ ಚಳಿಗಾಲದಲ್ಲಿ ನಾವು ಗೆಳೆಯರು ಕೂತು ಮಾಡಿದ್ದು ಒಂದೇ ಕೆಲಸ. ರಾಶಿಯಲ್ಲಿದ್ದ ಒಂದೊಂದು ವಸ್ತುವೂ ಯಾವ ಗಳಿಗೆಯಲ್ಲಿ, ಯಾರ ಒಪ್ಪಿಗೆಯಿಂದ ಒಳಗೆ ಬಂತು ಎಂದು ನೆನಪಿಸಿಕೊಂಡು ಬರೆದೆವು. ಹೆಚ್ಚುಕಡಿಮೆ ಎಲ್ಲಕ್ಕೂ ಉತ್ತರ ಒಂದೇ ಬಂತು: ಲಾರಿ ಬಾಗಿಲಲ್ಲಿ ನಿಂತಾಗ ಯಾರೂ ಏನೂ ಕೇಳಲಿಲ್ಲ, ಇಳಿಸಿಕೊಂಡೆವು. ಕಸ ವಿಂಗಡಣೆ, ಗೊಬ್ಬರ ಗುಂಡಿ ಎಂದೆಲ್ಲ ದೊಡ್ಡ ಪಟ್ಟಿ ಮಾಡಿಕೊಂಡಿದ್ದ ನಮಗೆ, ಮುಖ್ಯವಾದ ಜಾಗ ಹಿತ್ತಲಲ್ಲ, ಗೇಟು ಎಂದು ಆಗ ಹೊಳೆಯಿತು.

ಇನ್ನೊಂದು ವಿಷಯ ಹೊಳೆದದ್ದು ಆಕಸ್ಮಿಕವಾಗಿ. ಸ್ಟೀಲ್ ತಟ್ಟೆ, ಲೋಟ ಕೊಳ್ಳಲು ಹಣ ಹೊಂದಿಸುವುದು ಹೇಗೆಂದು ಚರ್ಚಿಸುತ್ತಿದ್ದಾಗ ಕುಶಾಲನಗರದ ಗೆಳೆಯನೊಬ್ಬ ನಕ್ಕ. "ಕೊಳ್ಳುವುದು ಯಾಕೆ? ಕಕ್ಕಡದಲ್ಲಿ ಮದುವೆ ಇದೆಯೇ?" ಎಂದ. ನಮಗೆ ಆಷಾಢ ಹೇಗೋ, ಕರಾವಳಿಯವರಿಗೆ ಆಟಿ ಹೇಗೋ, ಕೊಡಗಿನವರಿಗೆ ಕಕ್ಕಡ ಹಾಗೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಳೆ ಜೋರು, ಶುಭಕಾರ್ಯ ಇಲ್ಲ. ಎಂದರೆ ಶಾಮಿಯಾನ ಅಂಗಡಿಗಳ ತಟ್ಟೆ, ಲೋಟ, ಕೊಳಗ, ಸೌಟು, ನೀರಿನ ಡ್ರಮ್ಮು ಎಲ್ಲವೂ ಗೋದಾಮಿನಲ್ಲಿ ಬೋರಲು ಬಿದ್ದಿರುತ್ತವೆ. ಕೊಡಗಿನಲ್ಲಿ ಗುಡ್ಡ ಕುಸಿಯುವುದೂ ಹೊಳೆ ಉಕ್ಕುವುದೂ ಅದೇ ದಿನಗಳಲ್ಲಿ. ಹಿಂದಿನ ವರ್ಷ ನಾವು ಥರ್ಮಾಕೋಲ್ ತಟ್ಟೆ ಹಂಚುತ್ತಿದ್ದಾಗಲೂ ಆ ಪಾತ್ರೆಗಳು ನಮ್ಮಿಂದ ಒಂದೆರಡು ಮೈಲಿ ದೂರದಲ್ಲಿ ಬೋರಲು ಬಿದ್ದೇ ಇದ್ದವು.

ಏಪ್ರಿಲ್‌ನಲ್ಲಿ ಒಬ್ಬ ಶಾಮಿಯಾನ ಮಾಲೀಕರ ಹತ್ತಿರ ಮಾತಾಡಿದೆವು. ಬಾಡಿಗೆ ಬೇಡ ಎಂದರು. ಆದರೆ ಒಂದು ಷರತ್ತು: "ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಹೊಳೆ ಬಂತು, ಮಳೆ ಬಂತು ಎಂದು ನನಗೆ ಹೇಳಬಾರದು." ಪುಣ್ಯದ ಕೆಲಸ ಎಂದು ಕೈಮುಗಿದು ಕೊಡುವವರಿಗಿಂತ ಇಂಥವರೊಂದಿಗೆ ಕೆಲಸ ಸುಲಭ ಎಂಬುದು ನನ್ನ ಅನುಭವ. ಎಣಿಸಿ ಕೊಟ್ಟ ವಸ್ತು ಕಸವಾಗುವುದಿಲ್ಲ.

2019ರ ಆಗಸ್ಟ್ ಎರಡನೆಯ ವಾರ ಮತ್ತೆ ಫೋನು ಬಂತು. ಈ ಸಲ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿದಿತ್ತು. ಸಿದ್ದಾಪುರದ ಕಡೆ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳೊಳಗೆ ಹರಿಯುತ್ತಿದ್ದಳು. ಅದೇ ಹೊತ್ತಿಗೆ ಉತ್ತರದಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಯರ ದಂಡೆಯೂ ಮುಳುಗಿದ್ದರಿಂದ ರಾಜ್ಯದ ಕಣ್ಣೆಲ್ಲ ಆ ಕಡೆಗಿತ್ತು. ನಮಗೆ ಸಿಕ್ಕಿದ್ದು ಹೊಳೆಯಿಂದ ಸ್ವಲ್ಪ ಎತ್ತರದಲ್ಲಿದ್ದ ಒಂದು ಶಾಲೆ. ತೋಟದ ಲೈನ್ ಮನೆಗಳವರು, ಎಂದರೆ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು, ಹೊಳೆ ಬದಿಯ ಕೂಲಿ ಕುಟುಂಬಗಳು, ಒಂದೆರಡು ಸಣ್ಣ ಬೆಳೆಗಾರರ ಮನೆಯವರು. ಸುಮಾರು ಇನ್ನೂರೈವತ್ತು ಮಂದಿ. ತರಗತಿಯ ಬೆಂಚುಗಳನ್ನು ಗೋಡೆಗೆ ಒತ್ತಿ ಮಲಗುವ ಜಾಗ ಮಾಡಿದ್ದರು. ಕಪ್ಪು ಹಲಗೆಯ ಮೇಲೆ ಯಾರೋ ಮೇಷ್ಟರು ಬರೆದ ಭಿನ್ನರಾಶಿಗಳು ಅಳಿಸದೆ ಉಳಿದಿದ್ದವು.

ಮೊದಲ ದಿನವೇ ಮೂರು ಟ್ಯಾಂಕ್ ಇಟ್ಟೆವು, ಒಂದೊಂದೂ 500 ಲೀಟರಿನದು. ಶಾಲೆಯ ಬಾವಿ ತುಂಬಿ ಕಲಕಿ ಚಹಾದ ಬಣ್ಣಕ್ಕೆ ತಿರುಗಿತ್ತು. ಇಂಥ ನೀರಿಗೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಿದರೆ ಕ್ಲೋರಿನ್ ಎಲ್ಲ ಕೆಸರಿನ ಪಾಲಾಗುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲ ಟ್ಯಾಂಕಿನಲ್ಲಿ ಪಟಿಕ. ಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಆಡಿಸಿದರೆ ಮಣ್ಣು ಒಡೆದ ಹಾಲಿನಂತೆ ಹೆಪ್ಪುಹೆಪ್ಪಾಗಿ ತಳಕ್ಕೆ ಇಳಿಯುತ್ತದೆ. ಮಕ್ಕಳು ಅದನ್ನು ನೋಡಲು ಟ್ಯಾಂಕಿನ ಸುತ್ತ ಮುಕುರುತ್ತಿದ್ದರು. ತಿಳಿ ನೀರು ಎರಡನೆಯ ಟ್ಯಾಂಕಿಗೆ, ಅಲ್ಲಿ ಬ್ಲೀಚಿಂಗ್ ಪುಡಿ. ಪುಸ್ತಕದ ಲೆಕ್ಕದಂತೆ 1,000 ಲೀಟರಿಗೆ ಒಳ್ಳೆಯ ಪುಡಿಯಾದರೆ 2.5 ಗ್ರಾಂ, ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆದರೆ ಮಲೆನಾಡಿನ ತೇವದಲ್ಲಿ ಬಾಯಿ ಬಿಚ್ಚಿದ ಪುಡಿಯ ಚೀಲ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ತೂಕವನ್ನು ನಂಬದೆ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನ ಪುಟ್ಟ ಕೊಳವೆಯಲ್ಲಿ ನೀರು ಹಳದಿಗೆ ತಿರುಗುವುದನ್ನೇ ನಂಬಿದೆವು. ಮೂರನೆಯ ಟ್ಯಾಂಕಿಗೆ ನಲ್ಲಿ, ಅದರ ಪಕ್ಕದಲ್ಲಿ ಸ್ಟೀಲ್ ಲೋಟ.

ಬ್ಲೀಚಿಂಗ್ ಪುಡಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಕಡೆ ಆ ಪುಡಿಯ ಮುಖ್ಯ ಉಪಯೋಗ ರಂಗೋಲಿ. ದೊಡ್ಡವರು ಯಾರಾದರೂ ಶಿಬಿರ ನೋಡಲು ಬರುತ್ತಾರೆ ಎಂದರೆ ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡು ಬದಿಗೂ ಬಿಳಿ ಗೆರೆ ಎಳೆಯುತ್ತಾರೆ. ಕೆಸರಿನ ಮೇಲೆ ಬಿದ್ದ ಪುಡಿಯಿಂದ ಒಂದು ರೋಗಾಣುವೂ ಸಾಯುವುದಿಲ್ಲ. ಮಳೆ ಬಂದಾಗ ಅದು ಚರಂಡಿಗೆ, ಅಲ್ಲಿಂದ ಗದ್ದೆಗೆ, ಹೊಳೆಗೆ ಹೋಗುತ್ತದೆ. ಮೂರನೆಯ ದಿನ ಚೀಲ ಹೊತ್ತು ಬಂದ ಹುಡುಗನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಗೆರೆ ಕಾಣದಿದ್ದರೆ ನನ್ನನ್ನು ಬೈಯುತ್ತಾರೆ ಸಾರ್" ಎಂದ. ಕೊನೆಗೆ ಸುಣ್ಣದ ಪುಡಿಯಲ್ಲಿ ಎಳೆ ಎಂದೆ. ಎಳೆದ. ಬಂದವರಿಗೆ ವ್ಯತ್ಯಾಸ ತಿಳಿಯಲಿಲ್ಲ.

ನೀರು ಸಿದ್ಧವಾಯಿತು, ಆದರೆ ಯಾರೂ ಕುಡಿಯಲಿಲ್ಲ. ಆಸ್ಪತ್ರೆಯ ವಾಸನೆ ಎಂದರು. ಎಲ್ಲಿಂದಲೋ ಬಂದಿದ್ದ ನಾಲ್ಕು ಪೆಟ್ಟಿಗೆ ಬಾಟಲಿಗೆ ಮುಗಿಬಿದ್ದರು. ನಾನು ಗೋಡೆಗೆ ಚೀಟಿ ಅಂಟಿಸಿದೆ, ಉಪನ್ಯಾಸ ಕೊಟ್ಟೆ, ಎಲ್ಲರೆದುರು ಎರಡು ಲೋಟ ಕುಡಿದು ತೋರಿಸಿದೆ. ಏನೂ ಆಗಲಿಲ್ಲ. ಸಂಜೆ ಒಬ್ಬ ಅಜ್ಜಿ ಅಡುಗೆಯವರಿಂದ ಒಂದು ಕೊಳಗ ಕೇಳಿ ಪಡೆದು, ಟ್ಯಾಂಕಿನ ನೀರನ್ನೇ ತುಂಬಿ, ಜೀರಿಗೆ, ಜಜ್ಜಿದ ಶುಂಠಿ ಹಾಕಿ ಕುದಿಸಲು ಇಟ್ಟರು. ಕುದಿ ಬಂದ ಮೇಲೆ ಕ್ಲೋರಿನ್ ವಾಸನೆ ಇರುವುದಿಲ್ಲ ಎಂಬುದು ನನಗೆ ಕಾಲೇಜಿನಲ್ಲಿ ಕಲಿಸಿದ್ದ ಪಾಠವೇ. ಮಳೆಯಲ್ಲಿ ನಡುಗುವವರಿಗೆ ಬೇಕಾದದ್ದು ಬಿಸಿ ನೀರು ಎಂಬುದನ್ನು ಕಾಲೇಜಿನಲ್ಲಿ ಹೇಳಿರಲಿಲ್ಲ. ಮರುದಿನದಿಂದ ಒಲೆಯ ಮೇಲೆ ಆ ಕೊಳಗ ಇಳಿಯಲೇ ಇಲ್ಲ. ಬೆಳಿಗ್ಗೆ ಬೆಲ್ಲದ ಕಾಫಿ, ಮಿಕ್ಕ ಹೊತ್ತು ಜೀರಿಗೆ ನೀರು. ಬಾಟಲಿಗಳನ್ನು ದೋಣಿಯಲ್ಲಿ ಹೋಗುವ ರಕ್ಷಣಾ ತಂಡದವರಿಗೆ ಕೊಟ್ಟೆವು. ಅವುಗಳಿಗೆ ನಿಜವಾದ ಜಾಗ ಅದು.

ತಟ್ಟೆಯ ಕಥೆ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಅಡಿಕೆ ಹಾಳೆಯ ತಟ್ಟೆ ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ಒಳ್ಳೆಯದೇ, ಬೇಸಗೆಯಲ್ಲಿ. ಆಗಸ್ಟ್‌ನಲ್ಲಿ ಎರಡು ದಿನ ಇಟ್ಟರೆ ಹಸಿರು ಬೂಸಲು. ಬಾಳೆ ಎಲೆಯನ್ನು ಗಾಳಿ ಸೀಳಿ ಹಾಕಿತ್ತು. ಆದ್ದರಿಂದ ಸ್ಟೀಲೇ. ಮೊದಲ ಊಟಕ್ಕೆ 250 ತಟ್ಟೆ ಬಡಿಸಿದ್ದಾಯಿತು. ಅವುಗಳನ್ನು ತೊಳೆಯುವವರು ಯಾರು? ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಹೇಳದೆ ಕೇಳದೆ ಆ ಕೆಲಸ ಹೆಂಗಸರ ಮೇಲೆ ಬಿತ್ತು, ಅದರಲ್ಲೂ ಲೈನ್ ಮನೆಯ ಹೆಂಗಸರ ಮೇಲೆ. ಪರಿಸರಕ್ಕೆ ಹಗುರವಾದದ್ದು ಯಾರ ಬೆನ್ನಿಗೆ ಭಾರವಾಗುತ್ತದೆ ಎಂಬುದು ಆ ರಾತ್ರಿ ಮಾಡಿನ ನೀರು ಬೀಳುವ ಕಡೆ ಕುಕ್ಕರುಗಾಲಿನಲ್ಲಿ ಕೂತ ಐದಾರು ಜನರನ್ನು ನೋಡಿದಾಗ ಕಣ್ಣಿಗೆ ಹೊಡೆಯಿತು. ಮರುದಿನ ಇನ್ನೊಂದು ಗೊಣಗಾಟ ಶುರುವಾಯಿತು. "ಯಾರು ಯಾರೋ ಉಂಡ ತಟ್ಟೆ" ಎಂದು ಒಬ್ಬರು ಊಟ ಬಿಟ್ಟು ಎದ್ದರು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸ್ವಚ್ಛತೆಯ ಪ್ರಶ್ನೆ ಅದಾಗಿರಲಿಲ್ಲ.

ಮನೆಗೊಂದು ಕಟ್ಟು ಕೊಟ್ಟುಬಿಟ್ಟೆವು. ತಲೆಗೊಂದು ತಟ್ಟೆ, ಒಂದು ಲೋಟ. ಅವರವರದ್ದನ್ನು ಅವರವರೇ ತೊಳೆದು ಇಟ್ಟುಕೊಳ್ಳುವುದು. ಗುರುತಿಗೆ ಬಣ್ಣ ಬೇಕಿತ್ತು. ದಾನದ ಪೆಟ್ಟಿಗೆಯೊಂದರಲ್ಲಿ ಯಾರೋ ಕಳಿಸಿದ್ದ ಉಗುರುಬಣ್ಣದ ಶೀಷೆಗಳಿದ್ದವು. ಏಳನೆಯ ತರಗತಿಯ ಇಬ್ಬರು ಹುಡುಗಿಯರು ಕೂತು ತಟ್ಟೆಗಳ ಬೆನ್ನಿಗೆಲ್ಲ ಗುಲಾಬಿ, ಕೆಂಪು, ನೇರಳೆಯಲ್ಲಿ ಅಂಕಿ ಬರೆದರು. ಸಮಸ್ಯೆ ಮುಗಿಯಿತು. ಆದರೆ ಜಾತಿಯನ್ನು ಎದುರಿಸದೆ ಅದರ ಪಕ್ಕದಿಂದ ಜಾರಿಕೊಂಡೆವಲ್ಲ ಎಂಬ ಕಸಿವಿಸಿ ನನಗೆ ಇಂದಿಗೂ ಇದೆ. ಊಟ ಬಿಟ್ಟು ಎದ್ದವರಿಗೆ ನಾವು ಉತ್ತರ ಹೇಳಲಿಲ್ಲ, ಅನುಕೂಲ ಮಾಡಿಕೊಟ್ಟೆವು. ತೊಳೆಯಲು ಒಲೆಯ ಬೂದಿ, ಮಾಡಿನ ನೀರು, ಕೊನೆಗೆ ಒಂದು ಬಾನಿ ಬಿಸಿನೀರು. ಜೂನ್‌ನಿಂದ ಮಳೆಯಲ್ಲಿ ತೊಳೆದ ಹೆಂಚಿನ ಮಾಡು, ಅದರ ನೀರು ಪಾತ್ರೆಗೆ ಸಾಕಷ್ಟು ಚೊಕ್ಕಟ.

ಹಸಿರು ಎಂದುಕೊಂಡು ಒಯ್ದು ಸೋತವೂ ಇವೆ. ಸೌರ ದೀಪಗಳು. ಮೈಸೂರಿನಲ್ಲಿ ಫಳಫಳ ಹೊಳೆದ ನಲವತ್ತು ದೀಪಗಳು ಸಿದ್ದಾಪುರದಲ್ಲಿ ಎರಡನೆಯ ರಾತ್ರಿಗೆ ಕಣ್ಣು ಮುಚ್ಚಿದವು. ವಾರಗಟ್ಟಲೆ ಸೂರ್ಯನನ್ನೇ ಕಾಣದ ಊರಿಗೆ ಸೌರ ದೀಪ ಒಯ್ದವರ ಬುದ್ಧಿಗೆ ಏನು ಹೇಳುವುದು! ಡೀಸೆಲ್ ಜನರೇಟರನ್ನೇ ಮತ್ತೆ ತಂದೆವು. ಹಿಂದಿನ ವರ್ಷ ಅದು ಐದಾರು ಬಲ್ಬಿಗಾಗಿ ರಾತ್ರಿಯಿಡೀ ಗುಡುಗುತ್ತಿತ್ತು. ಈ ಸಲ ಸಂಜೆ ಆರರಿಂದ ಒಂಬತ್ತು ಮಾತ್ರ: ಬಾವಿಯ ಪಂಪು, ಎಲ್ಲರ ಮೊಬೈಲು, ಚಾರ್ಜ್ ಆಗುವ ಎಲ್‌ಇಡಿ ದೀಪಗಳು, ಎಲ್ಲಕ್ಕೂ ಒಟ್ಟಿಗೆ. ಒಂಬತ್ತರ ನಂತರ ದೀಪ ಬ್ಯಾಟರಿಯಲ್ಲಿ ಉರಿಯುತ್ತಿತ್ತು, ಮಕ್ಕಳು ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದರು. ಡೀಸೆಲ್ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು.

ಎರಡನೆಯ ಸೋಲು ಬಟ್ಟೆಯ ಪ್ಯಾಡ್. ತೊಳೆದು ಮತ್ತೆ ಬಳಸುವಂಥದ್ದು, ನಾನೇ ಹುರುಪಿನಿಂದ ತರಿಸಿದ್ದೆ. ಆಶಾ ಕಾರ್ಯಕರ್ತೆ ಕಟ್ಟನ್ನು ಬಿಚ್ಚಿಯೂ ನೋಡಲಿಲ್ಲ. "ಸಾರ್, ಈ ಮಳೆಯಲ್ಲಿ ಒಂದು ಟವೆಲ್ ಒಣಗಲು ಮೂರು ದಿನ. ಇದನ್ನು ಎಲ್ಲಿ ಒಣಗಿಸಬೇಕು? ನಿಮ್ಮೆಲ್ಲರ ತಲೆಯ ಮೇಲೆ ಹಗ್ಗ ಕಟ್ಟಿಯೇ?" ಎಂದರು. ನಾನು ತಲೆ ತಗ್ಗಿಸಿದೆ. ಮಾಮೂಲಿ ಪ್ಯಾಡ್ ತರಿಸಿದೆವು. ಹಳೆ ಪತ್ರಿಕೆಯ ಹಾಳೆ, ಮುಚ್ಚಳವಿರುವ ಬೇರೆ ಬುಟ್ಟಿ, ಮೇಲೊಂದು ಕೆಂಪು ಚುಕ್ಕೆ, ಅಷ್ಟೇ ನಮ್ಮ ಪಾಲಿನ ಸುಧಾರಣೆ. ಆ ಬುಟ್ಟಿಯ ಉಸ್ತುವಾರಿಯನ್ನು ಅವರೇ ವಹಿಸಿಕೊಂಡರು, ನನ್ನನ್ನು ಹತ್ತಿರ ಬಿಡಲಿಲ್ಲ.

ಗೇಟಿನ ಕೆಲಸ ನನ್ನದಾಗಿತ್ತು. ಏನು ಬೇಕು, ಎಷ್ಟು ಬೇಕು ಎಂದು ಒಂದು ಹಲಗೆಯ ಮೇಲೆ ದಿನವೂ ಬರೆಯುತ್ತಿದ್ದೆವು. ಕಂಬಳಿ, ಹೊಸ ಒಳಉಡುಪು, ಬಕೆಟ್ಟು, ಡ್ರಮ್ಮು. ಬೇಡವಾದದ್ದು: ಬಾಟಲಿ, ಹಳೆ ಬಟ್ಟೆ, ಬಿಸ್ಕತ್ತು. ಐದನೆಯ ದಿನ ನಸುಕಿನಲ್ಲಿ ಬೆಂಗಳೂರಿನಿಂದ ಒಂದು ಟೆಂಪೊ ಬಂತು. ರಾತ್ರಿಯಿಡೀ ನಿದ್ದೆಗೆಟ್ಟ ಏಳೆಂಟು ಹುಡುಗರು. ಒಳಗೆ ನಮ್ಮ ಹಲಗೆಯ ಎರಡನೆಯ ಸಾಲಿನಲ್ಲಿದ್ದುದೇ ತುಂಬಿತ್ತು. ಬೇಡ ಎಂದೆ. "ಇಷ್ಟು ದೂರದಿಂದ ತಂದಿದ್ದೇವೆ. ಬೇಡ ಎನ್ನಲು ನೀವು ಯಾರು ಅಣ್ಣ?" ಎಂದು ಒಬ್ಬ ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ನಾನು ನಿಯಮದ ಮನುಷ್ಯನಾಗಿ ನಿಂತೆ. ಅವರು ಹೊರಟುಹೋದರು. ಎರಡು ದಿನದ ಮೇಲೆ ಘಟ್ಟದ ಒಂದು ತಿರುವಿನಲ್ಲಿ ಮೋರಿಗೆ ಅಡ್ಡವಾಗಿ ಬಿದ್ದ ಬಟ್ಟೆಯ ಮೂಟೆಗಳನ್ನು ಕಂಡೆ. ಅವರದ್ದೇ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ನನ್ನ ಗೇಟಿನಲ್ಲಿ ಬೇಡವಾದ ಕಸ ಇನ್ನೊಬ್ಬರ ಹೊಳೆಗೆ ಸೇರುವುದಾದರೆ ನಾನು ಉಳಿಸಿದ್ದಾದರೂ ಏನನ್ನು?

ಮುಂದೆ ಬಂದ ಗಾಡಿಗಳಿಗೆ ಬರೀ ಬೇಡ ಎನ್ನುವುದನ್ನು ನಿಲ್ಲಿಸಿದೆವು. ಮೊದಲು ಬಿಸಿ ಕಾಫಿ. ಆಮೇಲೆ ಅವರಿಗೊಂದು ಕೆಲಸ: ತಂದದ್ದರಲ್ಲಿ ಬೇಕಾದದ್ದನ್ನು ಇಳಿಸಿ, ಬೇಡದ್ದನ್ನು ಹಾಗೆಯೇ ಗಾಡಿಯಲ್ಲಿ ಬಿಟ್ಟು, ಅದರ ಜೊತೆಗೆ ನಾವು ಬೇರ್ಪಡಿಸಿಟ್ಟ ರಟ್ಟು, ಪ್ಲಾಸ್ಟಿಕ್, ಡಬ್ಬಗಳ ಚೀಲಗಳನ್ನು ಮೈಸೂರಿನ ಗುಜರಿಯವರಿಗೆ ಮುಟ್ಟಿಸುವುದು. ಹೇಗೂ ಖಾಲಿ ಹೋಗುವ ಗಾಡಿ. ಅಚ್ಚರಿಯೆಂದರೆ ಯಾರೂ ಬೇಸರಪಡಲಿಲ್ಲ. ಕೊಡಲು ಬಂದವರಿಗೆ ಏನಾದರೊಂದು ಮಾಡಿದೆ ಎನ್ನಿಸಬೇಕು, ಅಷ್ಟೇ; ಕಸ ಹೊತ್ತೊಯ್ಯುವುದರಲ್ಲೂ ಅದು ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಬ್ಬ ಚಾಲಕ ಗುಜರಿಯಿಂದ ಬಂದ ಹಣವನ್ನು ಮರುದಿನ ಫೋನಿನಲ್ಲಿ ಕಳಿಸಿದ. ಅದರಲ್ಲಿ ಎರಡು ಕೆ.ಜಿ. ಜೀರಿಗೆ ಬಂತು.

ಕೈಮೀರಿದ ಒಂದು ಸಂಗತಿಯನ್ನೂ ಬರೆಯಬೇಕು. ರಸ್ತೆಗೆ ಬಿದ್ದ ಮಣ್ಣನ್ನು ಜೆಸಿಬಿಗಳು ಎತ್ತಿ ಎದುರಿನ ಇಳಿಜಾರಿಗೆ ತಳ್ಳುತ್ತವೆ. ರಸ್ತೆ ತೆರೆಯಬೇಕು, ಆಂಬುಲೆನ್ಸ್ ಹೋಗಬೇಕು, ಸರಿ. ಆ ಸಡಿಲ ಮಣ್ಣು ಮುಂದಿನ ಮಳೆಗೆ ತೋಡಿಗೆ ಇಳಿದು, ತೋಡು ದಿಕ್ಕು ತಪ್ಪಿ ಗದ್ದೆಗೆ ನುಗ್ಗುತ್ತದೆ. ಒಬ್ಬ ಆಪರೇಟರನನ್ನು ಕೇಳಿದೆ. "ಇನ್ನೆಲ್ಲಿ ಹಾಕಲಿ? ಜಾಗ ತೋರಿಸಿ, ಅಲ್ಲಿಯೇ ಹಾಕುತ್ತೇನೆ" ಎಂದ. ಪಂಚಾಯಿತಿಯ ಸದಸ್ಯರೊಬ್ಬರು ಓಡಾಡಿ ಒಂದು ತಗ್ಗು ಮೈದಾನ ತೋರಿಸಿದರು, ಕೆಲವು ಟಿಪ್ಪರ್ ಮಣ್ಣು ಅಲ್ಲಿಗೆ ಹೋಯಿತು. ಉಳಿದದ್ದೆಲ್ಲ ಕೆಳಕ್ಕೇ. ಬೇಸಗೆಯಲ್ಲಿಯೇ ಇಂಥ ಜಾಗ ಗುರುತಿಸಿ ಇಟ್ಟುಕೊಳ್ಳಬೇಕು ಎಂದು ಬರೆದು ಕೊಟ್ಟೆವು. ಆ ಕಾಗದ ಎಲ್ಲಿದೆಯೋ.

ಶಿಬಿರ ಮುಚ್ಚಿದ ದಿನ ಹಿತ್ತಲಿನಲ್ಲಿ ಉಳಿದಿದ್ದ ಕಸ ಒಂದು ಪಿಕಪ್ ವಾಹನದಷ್ಟೂ ಇರಲಿಲ್ಲ. ಪಾತ್ರೆ ಹಿಂತಿರುಗಿಸಲು ಹೋದೆ. ಶಾಮಿಯಾನದವರು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು ಹತ್ತು ಹತ್ತರ ಜೋಡಣೆ ಮಾಡಿ ಎಣಿಸಿದರು. ತಟ್ಟೆ ಸರಿ ಇತ್ತು, ಹನ್ನೊಂದು ಲೋಟ ಕಡಿಮೆ. ನಾನು ಪರ್ಸು ತೆಗೆದೆ. "ಬಿಡಿ, ಮದುವೆಯಲ್ಲಿ ಇದಕ್ಕಿಂತ ಹೆಚ್ಚು ಹೋಗುತ್ತದೆ" ಎಂದರು. ಆಮೇಲೆ ಒಂದು ತಟ್ಟೆಯನ್ನು ಬೋರಲು ಹಾಕಿ, ಗುಲಾಬಿ ಬಣ್ಣದ 17ನ್ನು ಉಗುರಿನಿಂದ ಕೆರೆಯುತ್ತ, "ಇದು ಹೋಗುತ್ತದೆಯೇ?" ಎಂದು ಕೇಳಿದರು. ಹೋಗುವುದಿಲ್ಲ ಎಂದು ಇಬ್ಬರಿಗೂ ಕಾಣುತ್ತಿತ್ತು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಅಲ್ಲಿನ ತೋಟಗಳಲ್ಲಿ ಕೂಲಿಗಿದ್ದ ನಮ್ಮ ಕಡೆಯವರೂ ಸತ್ತವರಲ್ಲಿ ಇದ್ದರು. ಗುಂಡ್ಲುಪೇಟೆಯ ಗೆಳೆಯನೊಬ್ಬ ಮೇಪ್ಪಾಡಿಗೆ ಹೊರಟವನು ದಾರಿಯಿಂದ ಫೋನು ಮಾಡಿದ. ನೀರಿನ ಬಾಟಲಿ ಎಷ್ಟು ಪೆಟ್ಟಿಗೆ ಹಾಕಿಕೊಳ್ಳಲಿ ಎಂದು ಕೇಳಿದ. ಮೊದಲ ಎರಡು ದಿನಕ್ಕಾಗುವಷ್ಟು ಮಾತ್ರ ಎಂದೆ. ಪಟಿಕ, ಹೊಸ ಬ್ಲೀಚಿಂಗ್ ಪುಡಿ, ನಲ್ಲಿ ಜೋಡಿಸಿದ ಡ್ರಮ್ಮು, ಜೀರಿಗೆ ಎಂದು ಒಂದೊಂದಾಗಿ ಹೇಳಿದೆ. ಊಟದ ತಟ್ಟೆಗೇನು ಮಾಡಲಿ ಎಂದ.

"ಅಲ್ಲಿ ಈಗ ಯಾವ ತಿಂಗಳು, ಕೇಳಿ ನೋಡು" ಎಂದೆ.

ಅವನ ಪಕ್ಕದಲ್ಲಿ ಕೂತಿದ್ದ ಮಲಯಾಳಿ ಚಾಲಕನ ದನಿ ಫೋನಿನಲ್ಲಿಯೇ ಕೇಳಿಸಿತು: ಕರ್ಕಿಡಕಂ. ಮದುವೆ ಇರುತ್ತದೆಯೇ ಎಂದು ಕೇಳಲು ಹೇಳಿದೆ. ಚಾಲಕ ಗಟ್ಟಿಯಾಗಿ ಇಲ್ಲ ಇಲ್ಲ ಎಂದ. ಆ ತಿಂಗಳಲ್ಲಿ ಯಾರು ಮಾಡುತ್ತಾರೆ ಎಂಬ ಧಾಟಿಯಲ್ಲಿ.

"ಹಾಗಾದರೆ ಮೊದಲು ಅಲ್ಲಿನ ಪಂದಲ್ ಅಂಗಡಿ ಹುಡುಕು" ಎಂದೆ. "ಎಣಿಸಿ ತೆಗೆದುಕೋ."